ರೊಸೆಂದೋನ ಮರಳು

ಲಾರಿಯೊಂದು ಮರಳಲ್ಲಿ ಹೂತುಕೊಂಡು ಗುರ್ರೆನ್ನುವ ಸದ್ದು ಕೇಳಿ, ಕ್ರಿಸಾಂತಾ ಮೀನು ಕರಿಯುವುದನ್ನು ಅರ್ಧಕ್ಕೇ ಬಿಟ್ಟು ಹೊರಗೆ ಬಂದಳು. ನೋಡಿದರೆ ಲಾರಿ ತುಂಬ ಇಟ್ಟಿಗೆ. ಇಟ್ಟಿಗೆಯ ಮೇಲೆ ಸಿಮೆಂಟಿನ ಮೂಟೆ. ಎಲ್ಲಕ್ಕಿಂತ ಮುಂದೆ, ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ದಿಬ್ಬಣ ಕರೆತರುವವನ ಹಾಗೆ ಕೈಬೀಸುತ್ತ ಬರುತ್ತಿದ್ದಾನೆ ದೊನ್ ರೊಸೆಂದೋ! ಅವಳು ತಲೆಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ ನನ್ನಪ್ಪಾ, ಈ ಮನುಷ್ಯ ಮರಳಿನ ಮೇಲೆ ಇಟ್ಟಿಗೆ ಮನೆ ಕಟ್ತಾನಲ್ಲಪ್ಪಾ!"

ಲಾಸ್ ಗಾರ್ಸಾಸ್ ಎಂಬ ಆ ಊರಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಿನ್ನೀರು, ನಡುವೆ ಉದ್ದಕ್ಕೆ ಮಲಗಿದ ಮರಳುದಿಬ್ಬ. ಆ ದಿಬ್ಬದ ಮೇಲೆ ಇಟ್ಟಿಗೆ ಇಟ್ಟವರು ಯಾರೂ ಇರಲಿಲ್ಲ. ನಾಲ್ಕು ಕಂಬ ನೆಡುವುದು, ತಾಳೆಗರಿ ಹೊದಿಸುವುದು, ಹಗ್ಗದಿಂದ ಬಿಗಿಯುವುದು, ಅಷ್ಟೇ. ಮಳೆಗಾಲ ಬಂತೆಂದರೆ ಗಂಟು ಬಿಚ್ಚಿ, ಗರಿಯನ್ನೂ ಕಂಬವನ್ನೂ ತಲೆಯ ಮೇಲೆ ಹೊತ್ತು ಒಳಗಿನ ಗಟ್ಟಿನೆಲಕ್ಕೆ ಹೋಗುವುದು. ಮರಳು ಒಣಗಿದ ಮೇಲೆ ಮತ್ತೆ ಬಂದು ಕಟ್ಟುವುದು. ಕ್ರಿಸಾಂತಾ ಹುಟ್ಟಿದ್ದು, ಮದುವೆಯಾದದ್ದು, ಗಂಡನನ್ನು ಮಣ್ಣು ಮಾಡಿದ್ದು ಎಲ್ಲ ಇದೇ ಊರಲ್ಲಿ. ಹಾಗಿರುವಾಗ ಜನವರಿಯಲ್ಲಿ ಈ ಪ್ವೆಬ್ಲಾ ಪಟ್ಟಣದ ಬೇಕರಿಯವನು ಅವಳ ಪಾಲಿನ ಮರಳಲ್ಲಿ ನಿಂತು "ಇಲ್ಲೇ ಮನೆ ಮಾಡ್ಕೋತೀನಿ" ಎಂದಾಗ ಅವಳ ಕಣ್ಣ ಮುಂದೆ ಬಂದದ್ದು ತಾಳೆಗರಿಯ ಚಪ್ಪರವೇ. ಇಲ್ಲಿನ ಮರಳು ನಿಂತಲ್ಲಿ ನಿಲ್ಲುವುದಿಲ್ಲ ಎಂಬುದು ಹೇಳಬೇಕಾದ ಮಾತು ಎಂದು ಈ ಊರಿನವರಿಗೆ ಯಾರಿಗೂ ಹೊಳೆಯುವುದಿಲ್ಲ. ಅವಳಿಗೂ ಹೊಳೆಯಲಿಲ್ಲ.

ರೊಸೆಂದೋನದು ಒಂದೇ ಆಸೆ. ಬುದ್ಧಿ ಬಂದಾಗಿನಿಂದ ಭಟ್ಟಿಯ ಮುಂದೆ ನಿಂತು ಮುಖ ಬೇಯಿಸಿಕೊಂಡವನು ಅವನು. ಮುದಿತನದಲ್ಲಾದರೂ ಆ ಮುಖಕ್ಕೆ ಸಮುದ್ರದ ಗಾಳಿ ಬಡಿಯಬೇಕು, ಹೊಸ್ತಿಲಲ್ಲಿ ಅಲೆ ಬರಬೇಕು, ಹೆಂಡತಿ ಲಿಬ್ರಾದಾ ಮಹಡಿಯ ಮೇಲೆ ತೂಗುಮಂಚದಲ್ಲಿ ಮಲಗಬೇಕು. ಬೇಕರಿ ಮಾರಿ ಬಂದಿದ್ದ. ಜೀವನದಲ್ಲಿ ಇದೊಂದೇ ಸಲ ಅವನು ಜಾಗ ಕೊಳ್ಳಬಲ್ಲವನಾಗಿದ್ದ. ಕ್ರಿಸಾಂತಾಗೆ ಮೊಣಕಾಲು ಕೈಕೊಟ್ಟಿತ್ತು, ಇಷ್ಟುದ್ದದ ಮರಳು ನೋಡಿಕೊಳ್ಳಲು ಆಗುತ್ತಿರಲಿಲ್ಲ. ತನ್ನ ಚಪ್ಪರದಷ್ಟು ಉಳಿಸಿಕೊಂಡು ಮಿಕ್ಕಿದ್ದನ್ನು, ಬೇಲಿ ಹಾಕಿ ಕಾವಲು ಕೂರಿಸುವ ಹೋಟೆಲಿನವರಿಗೆ ಕೊಡುವುದಕ್ಕಿಂತ ಈ ನಗುಮೊಗದ ಗಂಡಹೆಂಡಿರಿಗೆ ಕೊಡೋಣ ಎನಿಸಿತ್ತು. ಜಮೀನು ಊರೊಟ್ಟಿನದಾದ್ದರಿಂದ ಊರ ಸಭೆ ಸೇರಿ, ಎಲ್ಲರೂ ಕೈ ಎತ್ತಿ ಒಪ್ಪಿದ್ದೂ ಆಗಿತ್ತು.

ಅವಳು ಮೊಣಕಾಲು ಎಳೆದುಕೊಂಡು ಲಾರಿಯ ಹತ್ತಿರ ಹೋದಳು.

"ದೊನ್ ರೊಸೆಂದೋ, ನಿಲ್ಸಿ! ಇಳಿಸ್ಬೇಡಿ! ಇದೇನ್ ಮಾಡ್ತಿದೀರಾ?"

"ಮನೆ, ದೋನ್ಯಾ ಕ್ರಿಸಾಂತಾ! ನೋಡ್ತಾ ಇರಿ, ಕ್ರಿಸ್‌ಮಸ್ ಊಟ ಮಹಡಿ ಮೇಲೆ!"

"ಮಹಡಿಗೆ ಬೆಂಕಿ ಬೀಳ್ಲಿ. ಇಲ್ಲಿ ಕೇಳಿ. ಮಳೇಲಿ ಹಿನ್ನೀರು ಏರುತ್ತೆ. ಏರಿ ಮನೆಗಳಿಗೆ ನುಗ್ಗುತ್ತೆ. ಆಗ ನಾವೇ ಈ ದಿಬ್ಬ ಕಡಿದು ನೀರನ್ನ ಸಮುದ್ರಕ್ಕೆ ಬಿಡ್ತೀವಿ, ಅಳಿವೆ ತೆಗೀತೀವಿ. ಎಲ್ಲಿ ಮರಳು ತಗ್ಗಾಗಿರುತ್ತೋ ಅಲ್ಲೇ ಕಡೀಬೇಕು. ನನ್ ಗಂಡ ಇದ್ದಾಗ ಇಲ್ಲೇ ತೆಗೆದಿದ್ದು. ನೀವು ನಿಂತಿದೀರಲ್ಲ, ಅಲ್ಲೇ ದೋಣಿ ಓಡಾಡ್ತಿತ್ತು."

ರೊಸೆಂದೋನ ನಗು ನಿಂತಿತು. ಅವನು ಮರಳನ್ನು ನೋಡಿದ. ಒಣಗಿ, ಬಿಸಿಯಾಗಿ, ಗಟ್ಟಿಯಾಗಿ ಬಿದ್ದಿತ್ತು. ಆಮೇಲೆ ಅವಳನ್ನು ನೋಡಿದ.

"ಯಾರಾದ್ರೂ ಜಾಸ್ತಿ ಕೊಡ್ತೀನಿ ಅಂದ್ರಾ, ದೋನ್ಯಾ?"

ಆ ಮಾತಿಗೆ ಕ್ರಿಸಾಂತಾಗೆ ಕಪಾಳಕ್ಕೆ ಹೊಡೆದಂತಾಯಿತು. "ನಿಮ್ ದುಡ್ಡು ಇನ್ನೂ ಹಾಗೇ ಇದೆ, ಮುಟ್ಟಿಲ್ಲ. ಈಗ್ಲೇ ತಂದ್ ಕೊಡ್ತೀನಿ, ತಗೊಂಡ್ ಹೋಗಿ," ಎಂದಳು. ಕಣ್ಣಲ್ಲಿ ನೀರು ತುಂಬಿತ್ತು.

"ತಪ್ಪಾಯ್ತು, ಹಾಗನ್ಬಾರ್ದಿತ್ತು," ಎಂದು ಅವನು ಕೂಡಲೇ ಟೋಪಿ ತೆಗೆದ. "ಆದ್ರೆ ದುಡ್ಡು ಬೇಡ. ನಂಗೆ ಈ ಜಾಗಾನೇ ಬೇಕು."

ಲಿಬ್ರಾದಾ ಲಾರಿಯಿಂದ ಇಳಿಯುತ್ತ ಕ್ರಿಸಾಂತಾಳ ತೋಳು ಹಿಡಿದಳು. "ಬಿಡಿ ತಾಯಿ. ಇವ್ರು ಅವರಪ್ಪ ಹೇಳಿದ್ದು ಕೇಳ್ಲಿಲ್ಲ, ನಾನ್ ಹೇಳಿದ್ದು ಕೇಳ್ಲಿಲ್ಲ, ಇನ್ನು ನಿಮ್ಮದು ಕೇಳ್ತಾರಾ? ಜೋಳಿಗೆ ಕಟ್ಕೊಂಡು ಇವರ ಹಿಂದೆ ಹೊರಡೋದಷ್ಟೇ ನನ್ ಕೆಲ್ಸ."

ಮನೆ ಏಳತೊಡಗಿತು. ಆದರೆ ಆ ಪುಣ್ಯಾತ್ಮ ಗೋಡೆಗಿಂತ ಮೊದಲು ಕಟ್ಟಿದ್ದು ಏನನ್ನು ಎನ್ನುತ್ತೀರಿ? ಭಟ್ಟಿಯನ್ನು! ಭಟ್ಟಿಯ ಬಿಸಿಗೆ ಹೆದರಿ ಓಡಿಬಂದವನು ಮತ್ತೆ ಭಟ್ಟಿಯನ್ನೇ ಹಾಕಿದ, ಅದರ ಬಾಯಿ ಸಮುದ್ರದ ಕಡೆಗೆ. "ಗಾಳಿ ಬೆನ್ನಿಗೆ ಬಡಿಯುತ್ತಲ್ಲ, ಅದೇ ಸುಖ," ಎಂದ. ಬೆಳಿಗ್ಗೆ ದೋಣಿಗಳು ದಡಕ್ಕೆ ಬರುವ ಹೊತ್ತಿಗೆ ಅವನ ಬ್ರೆಡ್ಡೂ ಬೆಂದಿರುತ್ತಿತ್ತು. ಮೇಲೆ ಸಕ್ಕರೆಯಲ್ಲಿ ಕಪ್ಪೆಚಿಪ್ಪಿನ ಗೆರೆ ಬರೆದ ಬನ್ನು, ಕಟುಂ ಎನ್ನುವ ಸಿಪ್ಪೆಯ ಉದ್ದನೆಯ ಬ್ರೆಡ್ಡು. ಮೊದಮೊದಲು ಇಟ್ಟಿಗೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕವರೆಲ್ಲ ಆಮೇಲೆ ಮೀನು ಕೊಟ್ಟು ಬನ್ನು ತಿಂದು, ನಗುವುದನ್ನೂ ಮರೆತರು. ಇಂಥ ಬನ್ನು ಆ ಕರಾವಳಿಯಲ್ಲೇ ಯಾರೂ ತಿಂದಿರಲಿಲ್ಲ.

ಕ್ರಿಸಾಂತಾಗೆ ಮಾತ್ರ ಒಂದು ತುತ್ತೂ ಗಂಟಲಲ್ಲಿ ಇಳಿಯದು. ಗೋಡೆ ಒಂದೊಂದು ಸಾಲು ಏರಿದ ಹಾಗೆ ಅವಳಿಗೆ ಮೋಸಗಾತಿ, ಮೋಸಗಾತಿ ಎಂದು ಯಾರೋ ಕೂಗಿದ ಹಾಗೆ ಕೇಳಿಸುತ್ತಿತ್ತು. ಊರ ಸಭೆಯ ಮುಖಂಡ ನಿಕಾಂದ್ರೋನ ಹತ್ತಿರ ಹೋಗಿ ತೋಡಿಕೊಂಡಳು.

"ಸುಮ್ನೆ ತಲೆ ಕೆಡಿಸ್ಕೋಬೇಡ ಕ್ರಿಸಾಂತಾ," ಎಂದ ಅವನು. "ಎಷ್ಟೋ ವರ್ಷದಿಂದ ಅಳಿವೆ ದಿಬ್ಬದ ಆ ಮ್ಯಾಂಗ್ರೋವ್ ಗಿಡದ ತುದೀಲೇ ತೆಗೀತಿದೀವಿ. ಈ ಸಲಾನೂ ಅಲ್ಲೇ ತಗ್ಗಾದ್ರೆ ಮುಗೀತು."

"ಆಗ್ದಿದ್ರೆ?"

ನಿಕಾಂದ್ರೋ ಬನ್ನನ್ನು ಕಾಫಿಗೆ ಅದ್ದಿದ.

ಮಳೆ ಬಂತು. ಬಂತು ಎಂದರೆ ಎಂಥದ್ದು! ಬೆಟ್ಟದಿಂದ ಕೆಂಪು ನೀರು ಇಳಿದು ಹಿನ್ನೀರು ಉಬ್ಬಿತು. ಊರಿನವರು ಗಂಟು ಬಿಚ್ಚಿ ಚಪ್ಪರಗಳನ್ನು ಹೊತ್ತು ಒಳಗೆ ಬಂದರು. ಮರಳಿನ ಮೇಲೆ ಉಳಿದದ್ದು ರೊಸೆಂದೋನ ಗೋಡೆ, ರೊಸೆಂದೋನ ಭಟ್ಟಿ, ರೊಸೆಂದೋ. ಹಿನ್ನೀರಿನ ದಂಡೆಯ ಮನೆಗಳಲ್ಲಿ ಒಲೆಗೆ ನೀರು ಬಂತು, ಕೋಳಿಗಳು ಮಂಚ ಹತ್ತಿ ಕೂತವು. ನಿಕಾಂದ್ರೋ ನಾಲ್ಕು ಜನರನ್ನು ಕರೆದುಕೊಂಡು ದಿಬ್ಬದ ಉದ್ದಕ್ಕೂ ನಡೆದು ನೋಡಿದ. ಮ್ಯಾಂಗ್ರೋವ್ ತುದಿಯಲ್ಲಿ ಮರಳು ಆಳೆತ್ತರ ಪೇರಿಕೊಂಡಿತ್ತು. ತಗ್ಗಾಗಿದ್ದದ್ದು ಒಂದೇ ಕಡೆ.

ಆ ಊರಿನ ಕಟ್ಟಳೆ ಹೀಗೆ: ಮರಳು ಯಾರದೋ, ಮೊದಲ ಸಲಿಕೆ ಅವರದು. ಒಡೆಯ ತಾನಾಗಿ ಮೊದಲ ಸಲಿಕೆ ಹಾಕುವ ತನಕ ಇನ್ನೊಬ್ಬರು ಕೈ ಹಚ್ಚುವಂತಿಲ್ಲ. ಒಲ್ಲೆ ಎಂದರೆ ಬಲವಂತವಿಲ್ಲ, ಬೈಗುಳವೂ ಇಲ್ಲ. ಎತ್ತರದ ಕಡೆ ಹೋಗಿ ಅಗೆದು ಸಾಯಬೇಕು, ಅಷ್ಟರಲ್ಲಿ ಅರ್ಧ ಊರು ನೀರಿನಲ್ಲಿರುತ್ತದೆ. ಕ್ರಿಸಾಂತಾಳ ಗಂಡ ಒಲ್ಲೆ ಎಂದಿರಲಿಲ್ಲ. ಆದರೆ ಅವನು ಕಳೆದುಕೊಂಡದ್ದು ಎರಡು ತೆಂಗಿನ ಮರ. ಇದು ಒಬ್ಬ ಮನುಷ್ಯನ ಇಡೀ ಆಯಸ್ಸು.

ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಾಗ ಊರವರೆಲ್ಲ ಸಲಿಕೆ ಹಿಡಿದು ರೊಸೆಂದೋನ ಗೋಡೆಯ ಮುಂದೆ ನಿಂತರು. ನಿಕಾಂದ್ರೋ ನೆಲ ನೋಡುತ್ತ ಕಟ್ಟಳೆ ಏನೆಂದು ಹೇಳಿದ. "ಆಗಲ್ಲ ಅಂದ್ರೂ ತಪ್ಪಿಲ್ಲ ದೊನ್ ರೊಸೆಂದೋ. ನಿಮ್ಮನ್ನ ನೋಡಿ ಯಾರೂ ಮುಖ ತಿರುಗಿಸಲ್ಲ. ಇದು ನನ್ ಮಾತು."

ಕ್ರಿಸಾಂತಾಗೆ ತಡೆಯಲಾಗಲಿಲ್ಲ. ಜನರನ್ನು ತಳ್ಳಿಕೊಂಡು ಮುಂದೆ ಬಂದಳು. "ಅವರದಲ್ಲ, ನಂದು! ನಾನು ಮೊದಲೇ ಹೇಳದೆ ಮಾರಿದೀನಿ. ಆ ಮಾರಾಟಾನೇ ಮಾರಾಟ ಅಲ್ಲ. ಕೊಡಿ ಸಲಿಕೆ, ಪಾಪ ನನ್ ತಲೆಗೇ ಬರ್ಲಿ!"

ರೊಸೆಂದೋ ಭಟ್ಟಿಯ ಪಕ್ಕದಲ್ಲಿ ನಿಂತಿದ್ದ. ಸೊಂಟದೆತ್ತರದ ಗೋಡೆಯ ಮೇಲೆ ಒಮ್ಮೆ ಕೈಯಾಡಿಸಿದ. ಲಿಬ್ರಾದಾಳ ಕಡೆ ನೋಡಿದ. ಅವಳು ಈ ಸಲ ತಮಾಷೆ ಮಾಡಲಿಲ್ಲ. ಹೂಂ ಎಂದು ತಲೆ ಆಡಿಸಿದಳು.

"ನಿಕಾಂದ್ರೋ, ಊರ ಲೆಕ್ಕದಲ್ಲಿ ಈ ಮರಳು ಯಾರದು?" ಎಂದು ಕೇಳಿದ.

"ನಿಮ್ದು."

"ಹಾಗಾದ್ರೆ ದೋನ್ಯಾ ಯಾಕೆ ಅಡ್ಡ ಬರ್ತಾರೆ? ಅವರನ್ನ ಕೂರ್ಸಿ, ಮೊಣಕಾಲು ನೋವಿರೋರು." ಅವನು ಭಟ್ಟಿಯ ಬಾಗಿಲಿಗೆ ಬಗ್ಗಿದ. "ಸ್ವಲ್ಪ ಹೊತ್ತು ಕೊಡಿ. ಒಳಗೆ ಬ್ರೆಡ್ಡಿದೆ. ಬೇಯ್ಲಿ."

ಊರಿಗೆ ಊರೇ ಸಲಿಕೆ ಊರಿಕೊಂಡು ಬ್ರೆಡ್ಡು ಬೇಯುವುದನ್ನು ಕಾಯಿತು. ಹಿಂದೆ ನೀರು ಏರುತ್ತಿತ್ತು, ಯಾರೊಬ್ಬರೂ ಬೇಗ ಎನ್ನಲಿಲ್ಲ. ಅವನು ಉದ್ದ ಹಿಡಿಯ ಹಲಗೆಯಿಂದ ಒಂದೊಂದನ್ನೇ ತೆಗೆದ, ಬೆರಳಿನಿಂದ ತಟ್ಟಿ ನೋಡಿದ, ಬೇಯದಿದ್ದುದನ್ನು ಮತ್ತೆ ಒಳಗೆ ತಳ್ಳಿದ. ಎಲ್ಲ ಆದ ಮೇಲೆ ಪ್ರತಿಯೊಬ್ಬರ ಕೈಗೂ ಬಿಸಿಬಿಸಿ ಕೊಟ್ಟ. "ಹೊಟ್ಟೆ ಖಾಲಿ ಇಟ್ಕೊಂಡು ಅಗೀಬೇಡಿ," ಎಂದ. ನಿಕಾಂದ್ರೋ, ಆ ಕಲ್ಲು ಮನುಷ್ಯ, ಬ್ರೆಡ್ಡನ್ನು ಮುಖಕ್ಕೆ ಅಡ್ಡ ಹಿಡಿದು ಅತ್ತ. ಕ್ರಿಸಾಂತಾ ಎಷ್ಟೋ ದಿನದ ಮೇಲೆ ಅಂದು ಒಂದು ತುತ್ತು ನುಂಗಿದಳು. ಎಂಥ ಮನುಷ್ಯನಪ್ಪಾ ಇವನು ಎಂದುಕೊಂಡಳು.

ರೊಸೆಂದೋ ಸಲಿಕೆ ತೆಗೆದುಕೊಂಡ. ಗೋಡೆಗೂ ಭಟ್ಟಿಗೂ ನಡುವೆ, ಹೊಸ್ತಿಲು ಬರಬೇಕಾಗಿದ್ದ ಜಾಗದಲ್ಲಿ ಒಂದು ಸಲ ಆಳವಾಗಿ ಹಾಕಿ ಮರಳು ಎತ್ತಿ ಎಸೆದ. ಆಮೇಲೆ ಎಲ್ಲರೂ ಇಳಿದರು.

ಮೊದಲು ಕೈಯಗಲದ ಕಾಲುವೆ. ಅದರಲ್ಲಿ ಹಿನ್ನೀರು ನಾಚಿಕೊಂಡ ಹಾಗೆ ಹರಿಯಿತು. ಸ್ವಲ್ಪ ಹೊತ್ತಿಗೆ ಅದೇ ಎರಡೂ ಬದಿಯನ್ನು ಕೊರೆಯತೊಡಗಿತು. "ಮೇಲೆ ಬನ್ನಿ, ಮೇಲೆ ಬನ್ನಿ!" ಎಂದು ನಿಕಾಂದ್ರೋ ಕಿರುಚಿದ. ಜನ ಹತ್ತಿ ನಿಲ್ಲುವಷ್ಟರಲ್ಲಿ ಕೆಂಪು ನೀರು ಭೋರೆಂದು ಸಮುದ್ರಕ್ಕೆ ನುಗ್ಗಿತು. ಗೋಡೆ ಮೊಣಕಾಲೂರಿದ ಹಾಗೆ ಕುಸಿಯಿತು. ಭಟ್ಟಿ ಕೊನೆಯವರೆಗೂ ನಿಂತಿತ್ತು, ಒಳಗೆ ಇನ್ನೂ ಕೆಂಡವಿತ್ತು. ನೀರು ತಾಗಿದಾಗ ಚುಂಯ್ ಎಂದು ಆವಿ ಎದ್ದು ಅದೂ ಹೋಯಿತು. ಊರಿನ ಒಲೆಗಳು ಸಂಜೆಗೆ ನೀರಿನಿಂದ ಮೇಲೆ ಬಂದವು.

ಗಂಡಹೆಂಡಿರನ್ನು ಕ್ರಿಸಾಂತಾ ಗಟ್ಟಿನೆಲದಲ್ಲಿದ್ದ ತನ್ನ ಮನೆಗೆ ಕರೆತಂದಳು. ಒದ್ದೆ ಬಟ್ಟೆ ಬದಲಿಸಲು ಕೊಟ್ಟು, ಬಿಸಿ ಸೀಗಡಿ ಸಾರು ಮುಂದಿಟ್ಟಳು. ಆಮೇಲೆ ಒಳಗಿಂದ ಅವರ ದುಡ್ಡಿನ ಗಂಟು ತಂದು ರೊಸೆಂದೋನ ಪಕ್ಕ ಇಟ್ಟಳು.

"ಇದೇನು?"

"ನಿಮ್ಮದೇ. ನನ್ನ ಕ್ಷಮಿಸಿ."

"ನೀವು ಹೇಳಿದ್ರಿ. ಕಿವಿಗೆ ಹಾಕ್ಕೊಳ್ಳದೆ ಇದ್ದೋನು ನಾನು." ಅವನು ಗಂಟನ್ನು ಅವಳತ್ತ ಸರಿಸಿದ. "ಮರಳು ವಾಪಸ್ ಬರುತ್ತೆ ತಾನೇ?"

"ಬರುತ್ತೆ. ಯಾವಾಗ್ಲೂ ಬಂದಿದೆ."

"ಮತ್ತೆ ದುಡ್ಡು ಯಾಕೆ ವಾಪಸ್?"

ಲಿಬ್ರಾದಾ ಸಾರಿನ ಬಟ್ಟಲಿನಿಂದ ತಲೆ ಎತ್ತಿದಳು. "ನೋಡಿದ್ರಾ ತಾಯಿ? ಸಮುದ್ರದ ಮಾತೂ ಕೇಳಲ್ಲ," ಎಂದಳು. ನಗುತ್ತಲೇ ಅತ್ತಳು.

ಮುಂದಿನ ವಾರವೇ ಊರವರು ಕ್ರಿಸಾಂತಾಳ ಹಿತ್ತಿಲ ಗಟ್ಟಿನೆಲದಲ್ಲಿ ಅವನಿಗೆ ಹೊಸ ಭಟ್ಟಿ ಕಟ್ಟಿಕೊಟ್ಟರು. ಇಟ್ಟಿಗೆಯನ್ನು ಅಳಿವೆಯಲ್ಲಿ ಮುಳುಗಿ ಮುಳುಗಿ ಹೆಕ್ಕಿ ತಂದಿದ್ದರು. ಅಲ್ಲಿಂದ ಸಮುದ್ರ ಕಾಣುತ್ತಿರಲಿಲ್ಲ. ರೊಸೆಂದೋ ಅದನ್ನು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಆದರೆ ಕೆಲಸದ ನಡುವೆ ನಿಂತು ಆ ಕಡೆ ಕಿವಿಗೊಡುತ್ತಿದ್ದುದನ್ನು ಕ್ರಿಸಾಂತಾ ನೋಡಿದ್ದಳು, ನೋಡಿ ಸಂಕಟಪಟ್ಟಿದ್ದಳು.

ಮಳೆ ನಿಂತಿತು. ಅಲೆಗಳು ಹಿಡಿ ಹಿಡಿ ಮರಳು ತಂದು ಸುರಿದವು. ಅಳಿವೆ ಕಿರಿದಾಯಿತು, ಕಾಲು ಮುಳುಗುವಷ್ಟಾಯಿತು, ಒಂದು ದಿನ ಮುಚ್ಚಿಯೇ ಹೋಯಿತು. ಫೆಬ್ರವರಿಯ ಹೊತ್ತಿಗೆ ಅಲ್ಲಿ ನೀರು ಹರಿದಿತ್ತು ಎಂದರೆ ಹೊರಗಿನವರು ನಂಬುತ್ತಿರಲಿಲ್ಲ. ಬಿಳಿಯಾಗಿ, ಬಿಸಿಯಾಗಿ, ಗಟ್ಟಿಯಾಗಿ ಮಲಗಿತ್ತು ರೊಸೆಂದೋನ ಮರಳು.

ಒಂದು ಬೆಳಿಗ್ಗೆ ಕ್ರಿಸಾಂತಾ ತನ್ನ ಚಪ್ಪರದಲ್ಲಿ ಮೀನು ಕರಿಯುತ್ತಿದ್ದಳು. ಆ ಮರಳಿನಿಂದ ಯಾರೋ ಕೂಗಿದ ಹಾಗಾಯಿತು. ಹೊರಗೆ ಬಂದಳು. ರೊಸೆಂದೋ ನಾಲ್ಕು ಕಂಬ ನೆಟ್ಟಿದ್ದ, ನಾಲ್ಕೂ ಸೊಟ್ಟ. ತಾಳೆಗರಿಯ ರಾಶಿಯ ಮೇಲೆ ಲಿಬ್ರಾದಾ ಕಾಲು ಚಾಚಿ ಕೂತಿದ್ದಳು. ಅವನು ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈಯನ್ನು ಬಾಯಿಗೆ ಅಡ್ಡ ಇಟ್ಟು ಗಾಳಿಯಲ್ಲಿ ಕೂಗುತ್ತಿದ್ದ.

"ದೋನ್ಯಾ ಕ್ರಿಸಾಂತಾ! ಸ್ವಲ್ಪ ಬಂದು ಗಂಟು ಹಾಕೋದು ಹೇಳ್ಕೊಡಿ! ಬಿಚ್ಚೋಕೆ ಬರೋ ಗಂಟು!"

ಅವಳು ಬಾಣಲೆಯನ್ನು ಒಲೆಯಿಂದ ಕೆಳಗಿಟ್ಟು, ಕೈ ಒರೆಸಿಕೊಂಡು, ಮೊಣಕಾಲು ಎಳೆದುಕೊಂಡು ಹೊರಟಳು.