ಬಿಸಿಯಾದ ಮೇಲೆ

ಇಪ್ಪತ್ತನೇ ನಿಮಿಷಕ್ಕೆ ಇಂಜಿನ್ ಒಮ್ಮೆ ತಡವರಿಸಿತು. ಬಾನೆಟ್ಟಿನೊಳಗೆ ತಲೆ ಹಾಕಿದ್ದ ಮೇಸ್ತ್ರಿ ಅಲ್ಲಾಡದೆ ನಿಂತ. ಇನ್ನೊಮ್ಮೆ ತಡವರಿಸಿ, ಸರಿಹೋಗಿ, ತನಗೇನೂ ಗೊತ್ತೇ ಇಲ್ಲವೆಂಬಂತೆ ಅದು ಮತ್ತೆ ಓಡತೊಡಗಿತು.

"ಕೇಳಿಸ್ತಾ?" ಎಂದಳು ಸ್ಟೂಲಿನ ಮೇಲೆ ಕೂತಿದ್ದ ಹೆಂಗಸು.

"ಕೇಳಿಸ್ತು ಅಕ್ಕ. ಇನ್ನೂ ಕಾಯಲಿ, ಬಾಯಿ ಬಿಡುತ್ತೆ."

ಕನ್ನಡಕದಂಗಡಿಯವರ ಹೆಂಡತಿ ಆಕೆ. ಅವರು ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಬೂದು ಬಣ್ಣದ ಕಾರಿಗೆ ಡ್ರೈವರ್ ಕಡೆ ಮಾತ್ರ ಯಾವುದೋ ಗಾಡಿಯಿಂದ ಕಿತ್ತು ತಂದ ಬಿಳಿ ಬಾಗಿಲು. ಒಳಗೆ ಸೀಟು ಇನ್ನೂ ಅವರ ಉದ್ದನೆಯ ಕಾಲಿನ ಅಳತೆಗೆ ಹಿಂದೆ ಸರಿದೇ ಇತ್ತು. ಇಲ್ಲಿಯವರೆಗೆ ಬೆನ್ನಿಗೆ ದಿಂಬು ಕೊಟ್ಟುಕೊಂಡು ಓಡಿಸಿದ್ದಳೇ ಹೊರತು ಆಕೆ ಅದನ್ನು ಮುಂದಕ್ಕೆ ಎಳೆದುಕೊಂಡಿರಲಿಲ್ಲ.

ಆವತ್ತು ಅವರು ಅಂಗಡಿ ಮುಚ್ಚಿ ಬರುವಾಗ, ನಾಲ್ಕು ರಸ್ತೆ ಕೂಡುವಲ್ಲಿ, ನಟ್ಟನಡುವೆ ಕಾರು ನಿಂತಿತ್ತು. ಪಕ್ಕದ ರಸ್ತೆಯಿಂದ ಬಂದ ಲಾರಿ ಬ್ರೇಕು ಹಾಕುವಷ್ಟರಲ್ಲಿ ಬಾಗಿಲಿಗೆ ಗುದ್ದಿಯಾಗಿತ್ತು. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ಮನುಷ್ಯ ಇಳಿಯಲಿಲ್ಲ, ಸ್ಟೇರಿಂಗ್ ಹಿಡಿದುಕೊಂಡು ಸುಮ್ಮನೆ ಕೂತಿದ್ದ. ಹಾರ್ನ್ ಹೊಡೆದರೂ ಕೂತಿದ್ದ.

ಅಷ್ಟು ಸಿಕ್ಕರೆ ಸಾಕಲ್ಲ ಜನಕ್ಕೆ. ವ್ಯಾಪಾರ ಮೊದಲಿನಂತಿರಲಿಲ್ಲ, ಮಾತು ಕಮ್ಮಿಯಾಗಿತ್ತು ಎಂದು ಮೈದುನ ಉಪ್ಪುಖಾರ ಹಚ್ಚಿದ. "ಅಣ್ಣ ಬೇಕಂತಲೇ ನಿಲ್ಲಿಸಿದ್ದು" ಎಂದು ಅವನು ಪಿಸುಗುಟ್ಟಿದ್ದು ಕಿವಿಯಿಂದ ಕಿವಿಗೆ ಹೋಗಿ ಮಗಳ ಕಿವಿಗೂ ಬಿತ್ತು. ಹುಡುಗಿ ಉಣ್ಣುತ್ತಿದ್ದವಳು ತಟ್ಟೆ ಸರಿಸಿ, "ಅಪ್ಪಂಗೆ ನಾವು ಬೇಡವಾಗಿದ್ವಾ ಅಮ್ಮ?" ಎಂದು ಕೇಳಿದಳು. ಮಾರನೆಯ ಬೆಳಿಗ್ಗೆಯೇ ಆಕೆ ಕಾರು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದ್ದಳು.

"ಮೊದಲೇ ಎರಡು ಕಡೆ ತೋರಿಸಿದ್ದೆ. ಗಾಡಿ ಸರಿಯಾಗಿದೆ ಅಂದ್ರು. ಅವರು ನಿಲ್ಲಿಸಿದ್ದಾ, ಇದೇ ನಿಂತಿದ್ದಾ, ಅಷ್ಟು ಹೇಳಿ ಮೇಸ್ತ್ರಿ. ಇನ್ನೇನೂ ಬೇಡ" ಎಂದಿದ್ದಳು.

ಮೇಸ್ತ್ರಿಗೆ ಈ ಕಾರು ಹೊಸದಲ್ಲ. ಅವನ ಮೂಗಿನ ಮೇಲಿದ್ದ ಕನ್ನಡಕವೂ ಅವರು ಮಾಡಿಕೊಟ್ಟದ್ದೇ. ಈ ಗ್ಯಾರೇಜಿನಲ್ಲಿ ಬಿಸಿ ಗಾಡಿ ಮುಟ್ಟುವುದಿಲ್ಲ. ರೇಡಿಯೇಟರಿನ ಹಬೆಗೆ ಮೇಸ್ತ್ರಿಯ ಅಪ್ಪನ ಮುಂಗೈ ಬೆಂದ ದಿನದಿಂದ ನಡೆದು ಬಂದ ಪದ್ಧತಿ ಅದು. ಸಂಜೆ ಬಿಟ್ಟುಹೋಗಬೇಕು, ಬೆಳಿಗ್ಗೆ ನೋಡುತ್ತಾರೆ. ಕನ್ನಡಕದಂಗಡಿಯವರು ಮೂರು ಸಲ ಬಂದಿದ್ದರು. "ಬಿಸಿಯಾದ್ಮೇಲೆ ಸ್ವಲ್ಪ ಯೋಚನೆ ಮಾಡುತ್ತೆ ಮೇಸ್ತ್ರಿ" ಎಂದು ಮೂರು ಸಲವೂ ಸಂಕೋಚದಿಂದಲೇ ಹೇಳಿ, ಹೇಳಿದಂತೆ ಬಿಟ್ಟುಹೋಗಿದ್ದರು. ಮೂರು ಸಲವೂ ಮೇಸ್ತ್ರಿ ತಣ್ಣಗಿದ್ದ ಇಂಜಿನನ್ನು ಐದು ನಿಮಿಷ ಓಡಿಸಿ, ಏನೂ ಕಾಣದೆ ವಾಪಸ್ಸು ಕೊಟ್ಟಿದ್ದ. ಕೊನೆಯ ಸಲ ತಮಾಷೆಯನ್ನೂ ಮಾಡಿದ್ದ: "ಗಾಡಿಗಲ್ಲ ಸಾರ್, ಯೋಚನೆ ನಿಮಗೇ ಜಾಸ್ತಿ." ಅವರು ನಕ್ಕಿದ್ದರು. ಸುದ್ದಿ ಕೇಳಿದಂದಿನಿಂದ ಆ ನಗು ಈ ಶೆಡ್ಡು ಬಿಟ್ಟು ಹೋಗಿರಲಿಲ್ಲ. ಸ್ಪ್ಯಾನರ್ ಕೆಳಗೆ ಬಿದ್ದರೂ ಮೇಸ್ತ್ರಿ ಬೆಚ್ಚಿ ಬಾಗಿಲ ಕಡೆ ನೋಡುತ್ತಿದ್ದ.

ಇಂಜಿನ್ ಮೂರನೇ ಸಲ ತಡವರಿಸಿ ನಿಂತೇಬಿಟ್ಟಿತು.

ಮೇಸ್ತ್ರಿ ಕೀ ತಿರುಗಿಸಿದ. ಗಿರಗಿರ ತಿರುಗಿತೇ ಹೊರತು ಹತ್ತಲಿಲ್ಲ. ಪೆಟ್ರೋಲು ಬರುತ್ತಿತ್ತು, ಕಿಡಿ ಇರಲಿಲ್ಲ. ಬಟ್ಟೆಯೊಂದನ್ನು ತಣ್ಣೀರಿಗೆ ಅದ್ದಿ ಹಿಂಡಿ, ಇಂಜಿನ್ನಿನ ಸಂದಿಯೊಳಗೆ ಕೈ ತೂರಿಸಿ, ಹೆಬ್ಬೆರಳಿನಷ್ಟೇ ಇದ್ದ ಒಂದು ಸೆನ್ಸರಿಗೆ ಸುತ್ತಿದ. ಮೊಣಕೈ ಚುರ್ರೆಂದಿತು. ತೆಗೆಯಲಿಲ್ಲ. ತುಸು ಹೊತ್ತು ಬಿಟ್ಟು ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮತ್ತೆ ಕಾಯಿಸಿದ, ಮತ್ತೆ ನಿಂತಿತು. ಮತ್ತೆ ತಣ್ಣೀರ ಬಟ್ಟೆ, ಮತ್ತೆ ಸ್ಟಾರ್ಟ್. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ.

"ಇದೇ ಅಕ್ಕ," ಎಂದ. "ಇಂಜಿನ್ ತಿರುಗೋದನ್ನ ನೋಡಿ, ಯಾವಾಗ ಕಿಡಿ ಕೊಡಬೇಕು ಅಂತ ತಿಳಿಸೋದು ಇದು. ತಣ್ಣಗಿದ್ರೆ ಸರಿಯಾಗಿರುತ್ತೆ. ಕಾದ್ರೆ ಕೈಕೊಡುತ್ತೆ. ಅವರು ನಿಲ್ಲಿಸಿದ್ದಲ್ಲ. ಗಾಡಿನೇ ನಿಂತಿದ್ದು."

ಆಕೆಯ ಮುಖ ಸಡಿಲಾಯಿತು. ಸೆರಗಿನಿಂದ ಕಣ್ಣೊತ್ತಿಕೊಂಡಳು. ಏಳಲು ಹೋದವಳು ಮತ್ತೆ ಕೂತಳು.

"ಗಾಡಿ ನಿಂತ್ರೆ ಯಾರಾದ್ರೂ ಇಳೀತಾರಲ್ಲ ಮೇಸ್ತ್ರಿ? ಕೈ ಬೀಸ್ತಾರೆ, ತಳ್ತಾರೆ. ಇವರು ಯಾಕೆ ಕೂತೇ ಇದ್ರು?"

ಗೊತ್ತಿಲ್ಲ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ತಾನು ಅವರಿಗೆ ಹೇಳಿದ್ದ ಮಾತು ಕೇಳಿಸಿಕೊಂಡಿದ್ದ ಒಂದೇ ಒಂದು ಜೋಡಿ ಕಿವಿ ಈಗ ಇರಲಿಲ್ಲ. ಮೇಸ್ತ್ರಿ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. ಅವನಿಗೆ ಹೆದರಿಕೆಯಾಗಿತ್ತು.

"ನಾನೇ ಹೇಳಿದ್ದೆ ಅಕ್ಕ."

"ಏನಂತ?"

"ಕೊನೇ ಸಲ ಬಂದಾಗ. ದಾರೀಲಿ ನಿಂತುಬಿಟ್ರೆ ಏನು ಮಾಡ್ಲಿ ಅಂದ್ರು. ಗಾಬರಿಯಾಗಿ ಕೀ ತಿರುಗಿಸ್ತಾ ಇರಬೇಡಿ, ಬ್ಯಾಟರಿ ಇಳಿಯುತ್ತೆ, ಒಂದು ನಿಮಿಷ ಸುಮ್ಮನೆ ಕೂತಿರಿ, ತಾನೇ ಸರಿಹೋಗುತ್ತೆ ಅಂದೆ. ಸುಮ್ಮನೆ ಸಾಗಹಾಕೋಕೆ ಅಂದಿದ್ದು."

ಬೈದರೆ ಬೈಯಲಿ, ಹೊಡೆದರೂ ಹೊಡೆಯಲಿ ಎಂದು ಮೇಸ್ತ್ರಿ ತಲೆ ತಗ್ಗಿಸಿ ಕಾದ.

"ಊಟಕ್ಕೆ ಅರ್ಧ ಗಂಟೆ ಮುಂಚೆ ಮಾತ್ರೆ ಅಂತ ಡಾಕ್ಟರು ಹೇಳಿದ್ರೆ, ಗಡಿಯಾರ ನೋಡ್ಕೊಂಡೇ ಕೂತಿರೋರು," ಎಂದಳು ಕೊನೆಗೆ. "ಅನ್ನ ಆರಿಹೋದ್ರೂ ಏಳ್ತಿರಲಿಲ್ಲ."

ಆಕೆ ಬಿಳಿ ಬಾಗಿಲಿನ ಕಡೆ ನೋಡಿದಳು.

"ಹಾಗಾದ್ರೆ ಮನೆಗೇ ಬರ್ತಿದ್ರು."

ಆಕೆ ಎದ್ದು ಬಿಳಿ ಬಾಗಿಲು ತೆಗೆದು ಒಳಗೆ ಕೂತಳು. ದಿಂಬನ್ನು ಪಕ್ಕದ ಸೀಟಿಗೆ ಹಾಕಿ ಹಿಂದಕ್ಕೆ ಒರಗಿಕೊಂಡಳು. ಕಾಲು ಪೆಡಲಿಗೆ ನಿಲುಕಲಿಲ್ಲ. ಕೀ ತಿರುಗಿಸಿ ಇಂಜಿನ್ ಆರಿಸಿದಳು. ಶೆಡ್ಡು ಥಟ್ಟನೆ ನಿಶ್ಶಬ್ದವಾಯಿತು.

"ಒಂದು ನಿಮಿಷ ಆದ್ಮೇಲೆ ಹೇಳಿ ಮೇಸ್ತ್ರಿ" ಎಂದು ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟುಕೊಂಡಳು.

ಮೇಸ್ತ್ರಿ ಗೋಡೆ ಗಡಿಯಾರದ ಕೆಂಪು ಮುಳ್ಳಿನ ಮೇಲೆ ಕಣ್ಣು ನೆಟ್ಟ. ಅದು ಅರ್ಧ ಸುತ್ತು ಬರುವಷ್ಟರಲ್ಲಿ ಹೊರಗೆ ರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯುತ್ತ ಹಾದುಹೋಯಿತು. ಆಕೆ ತಿರುಗಿ ನೋಡಲಿಲ್ಲ.