ಬಟ್ಟೆ ಸುತ್ತಿದ ಪೈಪು

"ಹುಟ್ಟಿದಾಗಿಂದ್ಲೇ ಹಿಂಗೆ ಅಂತ ಹೆಬ್ಬೆಟ್ಟು ಒತ್ತೇ. ಅಷ್ಟಕ್ಕೆ ನಿನ್ನಪ್ಪನ ಗಂಟೇನು ಹೋಗುತ್ತೆ?" ಅಂಗಿ ಕಾರ್ಖಾನೆಯ ಮೇಸ್ತ್ರಿ ಕಾಗದವನ್ನು ಇಸ್ತ್ರಿ ಮೇಜಿನ ಮೇಲೆ ಎಸೆದ.

ಇಸ್ತ್ರಿಯವಳು ಅಂಗಿಯ ಕಾಲರು ಒತ್ತುತ್ತಲೇ ಇದ್ದಳು. "ನನ್ನ ಕಾಲ ಹತ್ರ ಆಡ್ಕೊಂಡಿದ್ದ ಮಗು ನಿಮ್ಮ ಹಬೆ ಪೈಪು ಹಿಡ್ದು ಕೈ ಸುಟ್ಕೊಂಡಿದ್ದಲ್ವೇನಣ್ಣ? ಆ ಪೈಪಿಗೆ ಬಟ್ಟೆ ಸುತ್ತಿಸಿ ಅಂತ ಎಷ್ಟು ಬಡ್ಕೊಂಡೆ."

"ಸುಟ್ಟಿದ್ದಕ್ಕೆಲ್ಲ ಚಂದಾ ಡಬ್ಬಿ ಇಡಲ್ಲ. ದೇವರು ಕೊಟ್ಟಿದ್ದಾದ್ರೆ ಧಣಿ ಇಡ್ತಾರೆ. ಡ್ರೈವರ್ ಮಗಳಿಗೆ ಇಡ್ಲಿಲ್ವಾ?"

ಗೇಟಿನಲ್ಲಿ ಆ ಹುಡುಗಿಯ ಫೋಟೊ ಅಂಟಿಸಿಕೊಂಡು ಕೂತ ಡಬ್ಬಿಯನ್ನು ದಾಟುವಾಗಲೆಲ್ಲ ಇವಳ ಹೊಟ್ಟೆಯಲ್ಲಿ ಕೆಂಡ. ಆ ಹುಡುಗಿಗೆ ಹುಟ್ಟುವಾಗಲೇ ಬೆರಳು ಕೂಡಿಕೊಂಡಿದ್ದವು. ಎಂಥ ಪುಣ್ಯವಂತೆ. ಆಪರೇಷನ್ ಆದಮೇಲೆ ಡ್ರೈವರ್ ಹೆಂಡತಿ ಮಗಳನ್ನು ಕರೆತಂದು ಎಲ್ಲರಿಗೂ ಐದು ಬೆರಳು ಬಿಡಿಸಿ ತೋರಿಸಿದ್ದಳು. ಉಗುರಿಗೆ ಬಣ್ಣ ಬೇರೆ. "ಮುಟ್ಟಿ ನೋಡಕ್ಕಾ" ಅಂದಿದ್ದಳು. ಇವಳು ಮುಟ್ಟಿದ್ದಳು. ಮುರಿಯಬೇಕೆನ್ನಿಸಿತ್ತು.

ತನ್ನ ಮಗಳ ಕೈ ಮಾತ್ರ ಕೊಕ್ಕೆ. ಈ ವರ್ಷದೊಳಗೆ ಬಿಡಿಸದಿದ್ದರೆ ಹಾಗೇ ನಿಂತುಬಿಡುತ್ತೆ ಎಂದಿದ್ದರು ಡಾಕ್ಟರು.

ಹೆಬ್ಬೆಟ್ಟು ಒತ್ತಿದಳು. ತಲೆ ಬಾಚುತ್ತ ಮಗಳಿಗೂ ಅದೇ ಮಾತು ಬಾಯಿಪಾಠ ಮಾಡಿಸಿದಳು.

ಅಂಗಿ ಕೊಳ್ಳುವ ದೊಡ್ಡ ಮಂದಿ ಬರುವ ದಿನ, ಅವರಿಗೆ ಸೆಕೆಯಾಗಬಾರದೆಂದು ಬಾಯ್ಲರ್ ಆರಿಸಿದರು. ಪೈಪಿಗೆ ಹೊಚ್ಚಹೊಸ ಬಟ್ಟೆ ಸುತ್ತಿದರು. ಬಂದವರು ಡ್ರೈವರ್ ಮಗಳ ಬೆರಳನ್ನು ಒಂದೊಂದಾಗಿ ಹಿಡಿದು ಮುದ್ದಾಡಿ, ಗೊಂಬೆ ಕೊಟ್ಟರು. ಆಮೇಲೆ ಧಣಿ ಇವಳ ಮಗಳನ್ನು ಮುಂದೆ ತಳ್ಳಿದ.

"ಏನಾಯ್ತು ಮರಿ, ಕೈಗೆ?" ಬಂದವರಲ್ಲೊಬ್ಬರು ಕೇಳಿದರು.

"ಹುಟ್ಟಿದಾಗಿಂದ್ಲೇ" ಎಂದು ಮಗು ಶಭಾಷ್‌ಗಿರಿಗಾಗಿ ಅಮ್ಮನ ಮುಖ ನೋಡಿತು.

ಧಣಿ ನಿಟ್ಟುಸಿರು ಬಿಟ್ಟ. "ಏನ್ಮಾಡೋದು ಹೇಳಿ. ಹೆತ್ತವಳ ಪಾಪ, ಮಗು ಅನುಭವಿಸ್ತಾ ಇದೆ."

ಇಸ್ತ್ರಿಯವಳು ಮಗಳ ರಟ್ಟೆ ಹಿಡಿದು ಪೈಪಿನ ಹತ್ತಿರ ಎಳೆದೊಯ್ದಳು. ಸುತ್ತಿದ್ದ ಬಟ್ಟೆಯನ್ನು ಸರಸರನೆ ಬಿಚ್ಚಿದಳು.

"ಲೇ ಬೋಳಿ, ಬಿಡೇ ಅದನ್ನ" ಎಂದು ಮೇಸ್ತ್ರಿ ಓಡಿಬಂದ.

"ಇಡು ಕಂದಾ. ಇವತ್ತು ತಣ್ಣಗಿದೆ."

ಮಗು ಹಿಂಜರಿಯಿತು. ಕಣ್ಣು ಮುಚ್ಚಿ ಕೈ ಇಟ್ಟಿತು. ಕೊಕ್ಕೆಯಾದ ಬೆರಳು ಪೈಪಿನ ಸುತ್ತ ನೂಲಿನೆಳೆಯಷ್ಟೂ ಸಂದಿಲ್ಲದೆ ಕೂತವು.

ಬಂದವರು ಪೈಪನ್ನೂ ಆ ಕೈಯನ್ನೂ ಬಗ್ಗಿ ನೋಡಿದರು. ಡ್ರೈವರ್ ಮಗಳು ಗೊಂಬೆ ಹಿಡಿದು ನಿಂತೇ ಇದ್ದಳು. ಅವಳ ಕಡೆ ಈಗ ಯಾರೂ ನೋಡುತ್ತಿರಲಿಲ್ಲ.