ಸೀಗಡಿಗೆ ತೀರ್ಥ

ಕಂದಿಕೆರೆಯ ಭೈರಮ್ಮನ ನಡುಮನೆಯಲ್ಲಿ, ಕೊಬ್ಬರಿ ಅಟ್ಟದ ಏಣಿಯ ಪಕ್ಕಕ್ಕೆ, ಎರಡಡಿ ಉದ್ದದ ಗಾಜಿನ ತೊಟ್ಟಿ ಬಂದು ಕೂತು ನಾಲ್ಕು ತಿಂಗಳಾಗಿತ್ತು. ತಂದವಳು ಸೊಸೆ ವನಜಾಕ್ಷಿ. ತುಮಕೂರಿನ ಅಂಗಡಿಯಲ್ಲಿ ಇಪ್ಪತ್ತು ಕೆಂಪು ಸೀಗಡಿ ಕೊಂಡು, ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಒಂದೊಂದೂ ಹುಣಸೆಬೀಜಕ್ಕಿಂತ ಒಂಚೂರು ಉದ್ದ, ಅಷ್ಟೇ. ಅವು ಅವಿತುಕೊಳ್ಳಲೆಂದು ಕರಟಕ್ಕೆ ತೂತು ಕೊರೆದು ಬೋರಲು ಹಾಕಿದ್ದಳು, ಪಾಚಿ ಬೆಳೆಸಿದ್ದಳು. ಮರಿ ಮಾಡಿಸಿಯೇ ತೀರಬೇಕೆಂಬುದು ಅವಳ ಹಟ.

ಪಕ್ಕದ ಮನೆ ಗಂಗಕ್ಕ ಮೊದಲ ದಿನವೇ ಬಗ್ಗಿ ನೋಡಿ, "ಅಲ್ಲಾ ವನಜಾ, ಇವನ್ನೆಲ್ಲಾ ಸಾರಿಗೆ ಹಾಕಿದ್ರೂ ಒಂದು ಮುದ್ದೆಗೆ ಸಾಲಾಕಿಲ್ವಲ್ಲೇ!" ಅಂದಿದ್ದಳು.

"ತಿನ್ನಾಕಲ್ಲ ಗಂಗಕ್ಕಾ, ನೋಡಾಕೆ."

"ನೋಡಿದ್ರೆ ಹೊಟ್ಟೆ ತುಂಬ್ತದಾ?"

ಭೈರಮ್ಮನಿಗೆ ತುಂಬುತ್ತಿತ್ತು. ಅಪ್ಪನ ತೊಡೆಯ ಮೇಲೆ ಕೂತು ಪುರಾಣದ ಪದ್ಯ ಕೇಳುತ್ತಾ ಬೆಳೆದ ಜೀವ ಅದು. ಸ್ವಾಮಿ ಪುಟ್ಟ ಮೀನಾಗಿ ರಾಜನ ಬೊಗಸೆ ನೀರಿಗೆ ಬಂದ ಕಥೆ ಕೇಳಿದಾಗಲೆಲ್ಲ, ಆ ಬೊಗಸೆಯೊಳಗೆ ಏನು ಕಂಡಿತ್ತೋ ಎಂದು ಯೋಚಿಸುತ್ತಿದ್ದಳು. ಈಗ ಕಂಡಂತಾಯಿತು. ಶನಿವಾರ ರಂಗಸ್ವಾಮಿ ಪೂಜೆ ಮುಗಿದ ಮೇಲೆ, ಹಿಂದಿನ ದಿನವೇ ತುಳಸಿ ಹಾಕಿಟ್ಟಿದ್ದ ತಾಮ್ರದ ಚೊಂಬಿನ ತೀರ್ಥವನ್ನು, ಸೊಸೆ ಕಂಡರೆ ನಕ್ಕಾಳೆಂದು ಕದ್ದುಮುಚ್ಚಿ ತೊಟ್ಟಿಗೆ ಹುಯ್ಯುತ್ತಿದ್ದಳು. "ನಿಮಗೂ ಒಸಿ ಪುಣ್ಯ ಬರ್ಲಿ ಕಣ್ರಪ್ಪಾ."

ಎರಡನೇ ತಿಂಗಳಿಂದ ಸೀಗಡಿ ಸಾಯತೊಡಗಿದವು. ಒಂದು ಭಾನುವಾರ ಎರಡು, ಇನ್ನೊಂದು ಭಾನುವಾರ ಐದು. ವನಜಾಕ್ಷಿ ಪಾಚಿ ತೊಳೆದಳು, ತಿನ್ನಲು ಹಾಕುವುದನ್ನು ಕಮ್ಮಿ ಮಾಡಿದಳು. ಭೈರಮ್ಮನೂ ತನ್ನ ಕೈಲಾದದ್ದು ಮಾಡಿದಳು. ಅರ್ಧ ಚೊಂಬು ಹುಯ್ಯುತ್ತಿದ್ದವಳು ತುಂಬಿದ ಚೊಂಬು ಹುಯ್ದಳು.

ಉಳಿದದ್ದು ಮೂರು. ಅದರಲ್ಲೊಂದು ಬಸುರಿ. ಹೊಟ್ಟೆಯಡಿ ಗಸಗಸೆಯಂಥ ಮೊಟ್ಟೆ ಕಟ್ಟಿಕೊಂಡು, ಪುಟ್ಟ ಕಾಲುಗಳಲ್ಲಿ ಅವಕ್ಕೆ ನೀರು ಬೀಸುತ್ತಾ ಕರಟದೊಳಗೆ ಕೂತಿತ್ತು.

ಆ ಶನಿವಾರ ಬೆಳಿಗ್ಗೆ ಭೈರಮ್ಮ ಎಂದಿನಂತೆ ತೀರ್ಥ ಹುಯ್ದು ದೇವರ ಗೂಡಿನ ಕಡೆ ತಿರುಗಿದ್ದಳಷ್ಟೆ. ವನಜಾಕ್ಷಿ ಮೊಬೈಲು ಹಿಡಿದು, ಸಿಗ್ನಲ್ಲು ಸಿಗುತ್ತಿದ್ದ ಒಂದೇ ಕಿಟಕಿಗೆ ಬಂದು ನಿಂತಳು. ಆ ಕಡೆ ತುಮಕೂರಿನ ಅಂಗಡಿಯವನು.

"ತಾಮ್ರಾನಾ? ಇಲ್ಲ ಸಾರ್, ನಮ್ಮದು ಪ್ಲಾಸ್ಟಿಕ್ ಪೈಪು... ಒಸಿ ಸೇರಿದ್ರೂ ಸಾಯ್ತವಾ?... ಅಯ್ಯೋ, ನಮ್ಮ ಮನೇಲಿ ತಾಮ್ರ ಎಲ್ಲಿಂದ ಬರ್ಬೇಕು ಸಾರ್!"

ಭೈರಮ್ಮನ ಕೈಯಲ್ಲಿ ಖಾಲಿ ಚೊಂಬು ಭಾರವಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಾಳೆ ಹೊತ್ತಿಗೆ ಆ ಬಸುರಿ? ಸೊಸೆ ಬೈದರೆ ಬೈಸಿಕೊಳ್ಳಬಹುದು. ಸ್ವಾಮಿಯ ತೀರ್ಥವೇ ವಿಷವಾಯಿತೆಂದು ಬಾಯಿಬಿಟ್ಟು ಹೇಗೆ ಆಡುವುದು?

"ವನಜಾ," ಎಂದು ಚೊಂಬನ್ನೇ ಮುಂದೆ ಚಾಚಿದಳು. "ಇದರಿಂದ ಕಣೇ. ಪ್ರತಿ ಶನಿವಾರ ನಾನೇ ಹುಯ್ತಿದ್ದೆ. ಈಗ್ಲೂ ಹುಯ್ದೆ."

ವನಜಾಕ್ಷಿ ಚೊಂಬು ನೋಡಿದಳು, ತೊಟ್ಟಿ ನೋಡಿದಳು. "ಹದಿನೇಳು ಸೀಗಡಿ, ಅತ್ತೆ!"

"ಸ್ವಾಮಿದು ತಪ್ಪಿಲ್ಲ, ಚೊಂಬಿಂದು. ನನ್ನ ಬಯ್ಯೀವಂತೆ ಆಮೇಲೆ, ಮೊದ್ಲು ನೀರು ತೆಗಿ."

ಬಯ್ಯಲು ಹೊತ್ತೇ ಸಿಗಲಿಲ್ಲ. ಸೊಸೆ ಪೈಪು ಇಳಿಬಿಟ್ಟು ಅರ್ಧ ನೀರನ್ನು ಹೊರಕ್ಕೆ ಎಳೆದಳು. ಮಣ್ಣಿನ ಗುಡಾಣದಲ್ಲಿ ನಿನ್ನೆಯಿಂದ ಇದ್ದ ಬಾವಿ ನೀರನ್ನು ಅತ್ತೆ ಲೋಟ ಲೋಟವಾಗಿ ಬಗ್ಗಿಸಿದಳು. ಸಂಜೆಗೆ ಮತ್ತೊಮ್ಮೆ, ಮರುದಿನ ಮತ್ತೆ. ಭಾನುವಾರ ಒಂದೂ ಸಾಯಲಿಲ್ಲ. ಮುಂದಿನ ಭಾನುವಾರವೂ ಇಲ್ಲ.

ಮೂರನೇ ವಾರದ ಒಂದು ಮುಂಜಾನೆ ಭೈರಮ್ಮ ಕೂಗಿದಳು, "ವನಜಾ, ಪಾಚಿ ಮೇಲೆ ಧೂಳು ನಡೀತೈತೆ, ಬಾರೇ!"

ವನಜಾಕ್ಷಿ ಗಾಜಿಗೆ ಮೂಗು ಒತ್ತಿ ಮರಿ ಎಣಿಸಲು ಹೋಗಿ ಇಪ್ಪತ್ತಕ್ಕೇ ಕೈಬಿಟ್ಟಳು.

ಆ ಶನಿವಾರ ರಂಗಸ್ವಾಮಿ ಪಟದ ಮುಂದೆ ತಾಮ್ರದ ಚೊಂಬಿನ ಪಕ್ಕ ಮಣ್ಣಿನ ಕುಡಿಕೆಯೊಂದು ಕೂತಿತ್ತು.

"ಇದೇನತ್ತೆ, ದೇವ್ರಿಗೆ ಕುಡಿಕೇಲಿ ನೀರು?"

"ಅವನೇನೂ ಅಂದ್ಕಳಲ್ಲ ಬುಡು. ಮೀನಾಗಿ ನೀರಲ್ಲಿದ್ದು ಬಂದೋನು."

ವನಜಾಕ್ಷಿ ನಕ್ಕಳು. ತುಳಸಿದಳ ತೆಗೆದು ಅತ್ತೆಯ ಮುಡಿಗಿಟ್ಟು, ಕುಡಿಕೆಯನ್ನು ಅವಳ ಕೈಗೇ ಕೊಟ್ಟಳು. "ಹುಯ್ಯಿರಿ. ನಿಧಾನ."

ಭೈರಮ್ಮ ಕುಡಿಕೆಯನ್ನು ಗಾಜಿನ ಅಂಚಿಗೆ ತಾಗಿಸಿ ಹನಿಹನಿಯಾಗಿ ಬಗ್ಗಿಸಿದಳು. ಪಾಚಿಯ ಮೇಲಿನ ಧೂಳೆಲ್ಲ ಒಮ್ಮೆ ಚೆದುರಿ, ಮತ್ತೆ ಮೇಯಲು ಕೂತಿತು.